ನಮ್ಮೂರ ಚಿರತೆಗೆ ಹಿನ್ನೆಲೆ ಸಂಗೀತವಿಲ್ಲ

ಚಿರತೆಯಾಗಿ ಹುಟ್ಟುವ ಯೋಗವಿದ್ದರೆ ಕಬಿನಿಯ ಮೇಲ್ದಂಡೆಯಲ್ಲಿ ಹುಟ್ಟಬೇಕು. ಮೈಬಣ್ಣ ಕಪ್ಪಾಗಿದ್ದರಂತೂ ಏಳು ಜನ್ಮದ ಪುಣ್ಯ. ಹಿನ್ನೀರಿನ ಪಕ್ಕದ ಕಾಡಿನ ಕರಿಚಿರತೆಯ ವೈಭೋಗ ನೋಡಿ: ವರ್ಷಗಟ್ಟಲೆ ಹಿಂದೆ ಅಲೆದ ಛಾಯಾಗ್ರಾಹಕ, ‘ಸಾಯಾ’ ಎಂಬ ಮುದ್ದಿನ ಹೆಸರು, ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ನಾಯಕನ ಪಾತ್ರ. ಅದು ಆಕಳಿಸಿದರೂ ಹಿಂದೆ ಪಿಟೀಲು.

ಅದೇ ಹೊಳೆ ಬೀಚನಹಳ್ಳಿಯ ಅಣೆಕಟ್ಟೆ ದಾಟಿ, ನಂಜನಗೂಡಿನಲ್ಲಿ ಕಪಿಲೆಯಾಗಿ ಶ್ರೀಕಂಠೇಶ್ವರನಿಗೆ ಕೈಮುಗಿದು, ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುವ ಹೊತ್ತಿಗೆ ಚಿರತೆಯ ಅಂತಸ್ತು ಇಳಿದಿರುತ್ತದೆ. ಜಾತಿ ಅದೇ, ಮೀಸೆಯೂ ಅದೇ. ಆದರೆ ಇಲ್ಲಿ ಅದಕ್ಕೆ ಸಿಗುವ ಸೆಟ್ಟು ಕಬ್ಬಿಣದ ಬೋನು. ಸಹನಟ, ಒಳಗೆ ಕಟ್ಟಿದ ಬಡಪಾಯಿ ನಾಯಿ.

2020ರ ಜನವರಿಯಲ್ಲಿ ‘ವೈಲ್ಡ್ ಕರ್ನಾಟಕ’ ಚಿತ್ರಮಂದಿರಕ್ಕೆ ಬಂತು. ಅಮೋಘವರ್ಷ, ಕಲ್ಯಾಣ್ ವರ್ಮ ಅವರ ನಿರ್ದೇಶನ, ಅರಣ್ಯ ಇಲಾಖೆಯ ಸಹಕಾರ, ಡೇವಿಡ್ ಅಟೆನ್‌ಬರೋ ಅವರ ದನಿ. ಆ ದನಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಚಿತ್ರ ಚೆಂದವಿದೆ, ಸುಳ್ಳು ಹೇಳಬಾರದು. ನನ್ನ ತಕರಾರು ಆ ಒಂದು ಚಿತ್ರದ ಮೇಲಲ್ಲ, ಇಡೀ ಕುಲದ ಮೇಲೆ. ಈ ಕುಲದ ಕ್ಯಾಮೆರಾಗಳಿಗೆ ಒಂದು ವಿಚಿತ್ರ ಕಾಯಿಲೆ: ವಿದ್ಯುತ್ ಕಂಬ ಕಂಡರೆ ಕಣ್ಣು ಮಂಜಾಗುತ್ತದೆ, ಪಂಪ್‌ಸೆಟ್ ಕಂಡರೆ ಪೂರ್ತಿ ಕುರುಡು.

‘ಮನುಷ್ಯ ಮುಟ್ಟದ ನಿಸರ್ಗ’ ಎಂದು ತೋರಿಸುವ ಆ ಕಬಿನಿ ಹಿನ್ನೀರನ್ನೇ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ನೀರು ಇಳಿದಾಗ ಚಿಗುರುವ ಹುಲ್ಲು, ಅದನ್ನು ಮೇಯಲು ಬರುವ ಆನೆಗಳ ದಂಡು. ನಿಜಕ್ಕೂ ಕಣ್ಣಿಗೆ ಹಬ್ಬ. ಆದರೆ ಆ ಕೆರೆಯನ್ನು ದೇವರು ತೋಡಿದ್ದಲ್ಲ, ನೀರಾವರಿ ಇಲಾಖೆ ಕಟ್ಟಿದ್ದು. 1974ರಲ್ಲಿ ಅಣೆಕಟ್ಟೆ ಮುಗಿಯಿತು. ಹಳ್ಳಿಗಳು ಮುಳುಗಿದವು, ಕಾಡೂ ಮುಳುಗಿತು. ಅದೇ ಅಣೆಕಟ್ಟೆಯ ನೀರು ನಾಲೆ ಹಿಡಿದು ಕೆಳಗಿಳಿದು ಗದ್ದೆಗಳನ್ನು ಹಸಿರಾಗಿಸಿತು. ಕಬ್ಬು ಆಳೆತ್ತರ ಬೆಳೆಯಿತು. ಅಡಗಲು ಕಬ್ಬು, ಕುಡಿಯಲು ನಾಲೆ, ತಿನ್ನಲು ಬೀದಿನಾಯಿ ಮತ್ತು ಕೊಟ್ಟಿಗೆಯ ಕರು: ಚಿರತೆಗೆ ಇನ್ನೇನು ಬೇಕು? ಒಂದೇ ಕಾಂಕ್ರೀಟು ಮೇಲೆ ಆನೆಗೆ ರಂಗಸಜ್ಜಿಕೆ ಮಾಡಿತು, ಕೆಳಗೆ ಚಿರತೆಗೆ ಬಾಣಂತಿಕೋಣೆ. ಕ್ಯಾಮೆರಾ ಮೇಲಿನದನ್ನು ಹಿಡಿದು, ರೆಸಾರ್ಟಿನಲ್ಲಿ ಊಟ ಮುಗಿಸಿ, ವಿಮಾನ ಹತ್ತಿತು.

ಕೆಳಗೆ ಕಥೆಗೆ ಬರವೇ? ಕಟಾವಿನ ಕಾಲಕ್ಕೆ ಬನ್ನಿ. ಮಚ್ಚು ಬೀಸುತ್ತಿದ್ದ ಆಳಿಗೆ ತರಗಿನ ನಡುವೆ ಕಣ್ಣು ಬಿಡದ ಮರಿಗಳು ಸಿಗುತ್ತವೆ. ಅರಣ್ಯ ಇಲಾಖೆಯವರು ಅವನ್ನು ಬುಟ್ಟಿಯಲ್ಲಿಟ್ಟು ಅಲ್ಲೇ ಬಿಟ್ಟು ದೂರ ನಿಲ್ಲುತ್ತಾರೆ, ರಾತ್ರಿ ತಾಯಿ ಬಂದು ಒಯ್ಯಲಿ ಎಂದು. ‘ಫ್ರೋಜನ್ ಪ್ಲಾನೆಟ್’ ಎಂಬ ವನ್ಯಜೀವಿ ಸರಣಿಯಲ್ಲಿ ತೋರಿಸಿದ ಹಿಮಕರಡಿಯ ಮರಿಗಳು ಹುಟ್ಟಿದ್ದು ನೆದರ್ಲೆಂಡ್ಸ್‌ನ ಮೃಗಾಲಯದಲ್ಲಿ ಎಂದು 2011ರಲ್ಲಿ ಬ್ರಿಟನ್ನಿನಲ್ಲಿ ಗದ್ದಲವಾಯಿತು. ನಮ್ಮಲ್ಲಿ ಆ ತಾಪತ್ರಯವೇ ಇಲ್ಲ. ಮರಿಗಳು ಅಸಲಿ, ತಾಯಿ ಅಸಲಿ, ಆಳಿನ ನಡುಕವೂ ಅಸಲಿ.

ನಗು ಇಲ್ಲಿಗೆ ಸಾಕು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ, ಮೂರು ತಿಂಗಳೊಳಗೆ, ತಿ. ನರಸೀಪುರ ತಾಲ್ಲೂಕೊಂದರಲ್ಲೇ ಚಿರತೆಗೆ ನಾಲ್ವರು ಬಲಿಯಾದರು. ಇಬ್ಬರು ವಿದ್ಯಾರ್ಥಿಗಳು, ಒಬ್ಬ ವೃದ್ಧೆ, ಹನ್ನೊಂದು ವರ್ಷದ ಒಬ್ಬ ಹುಡುಗ. ಆಮೇಲೆ ಚಿರತೆ ಕಾರ್ಯಪಡೆ ಬಂತು. ಸುದ್ದಿವಾಹಿನಿಗಳೂ ಬಂದವು, ಅವರ ನಿರೂಪಣೆಗೆ ಅಟೆನ್‌ಬರೋ ಸಾಹೇಬರ ಪಿಸುಮಾತಿನ ಅಭ್ಯಾಸವಿಲ್ಲ. ಒಬ್ಬರ ಚಿರತೆಗೆ ಮನುಷ್ಯರೇ ಗೊತ್ತಿಲ್ಲ, ಇನ್ನೊಬ್ಬರ ಚಿರತೆಗೆ ಮನುಷ್ಯರನ್ನು ಬಿಟ್ಟು ಬೇರೇನೂ ಗೊತ್ತಿಲ್ಲ. ಕಬ್ಬಿನಲ್ಲಿ ಮಲಗಿದ ಪ್ರಾಣಿ ಈ ಎರಡೂ ಅಲ್ಲ.

ಸರ್ಕಾರದ ಲೆಕ್ಕವಾದರೂ ಅದನ್ನು ಗುರುತಿಸುತ್ತದೆಯೇ? 2022ರ ಅಂದಾಜಿನಂತೆ ಕರ್ನಾಟಕದಲ್ಲಿ 1,879 ಚಿರತೆಗಳು. ಆ ಎಣಿಕೆ ಕಾಡಿನದು. ಗದ್ದೆಯಲ್ಲಿ ಹುಟ್ಟಿ ಗದ್ದೆಯಲ್ಲೇ ಬೆಳೆದದ್ದಕ್ಕೆ ಪಡಿತರ ಚೀಟಿಯೂ ಇಲ್ಲ, ಚಿತ್ರದಲ್ಲಿ ಪಾತ್ರವೂ ಇಲ್ಲ.

ಹಾಗೆಂದು ಈ ಕ್ಯಾಮೆರಾಗಳಿಗೆ ಕಾಡಿನೊಳಗೆ ಮನುಷ್ಯರೇ ಬೇಡವೆಂದೇನೂ ಅಲ್ಲ, ಮನುಷ್ಯ ಯಾರು ಎನ್ನುವುದು ಮುಖ್ಯ. ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಅಂಚಿನವನು ದನ ಹುಡುಕಿಕೊಂಡು ಬಂಡೀಪುರದ ಗಡಿ ದಾಟಿದರೆ ಕೇಸು. 2020ರ ಜನವರಿಯಲ್ಲಿ ಬೇರ್ ಗ್ರಿಲ್ಸ್ ಜತೆ ರಜನೀಕಾಂತ್ ಅದೇ ಬಂಡೀಪುರಕ್ಕೆ ಹೋದರೆ ಎಪಿಸೋಡು. ತಲೈವರ್‌ಗೆ ಮುಳ್ಳು ತರಚಿದ್ದೂ ಸುದ್ದಿಯಾಯಿತು. ಹೆಡಿಯಾಲದಲ್ಲಿ ಮುಳ್ಳು ಸುದ್ದಿಯಲ್ಲ, ಬೇಲಿ.

ಮುಂದಿನ ಚಿತ್ರಕ್ಕೆ ಬರುವ ನಿರ್ದೇಶಕರಲ್ಲಿ ಒಂದು ವಿನಂತಿ. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬಹಳಷ್ಟು ಸಲ ಬರುವುದು ರಾತ್ರಿ. ಚಿರತೆ ಓಡಾಡುವುದೂ ರಾತ್ರಿ. ಕೈಯಲ್ಲೊಂದು ಟಾರ್ಚು ಹಿಡಿದು ಕಬ್ಬಿಗೆ ನೀರು ಕಟ್ಟಲು ಹೊರಟ ರೈತನ ಹಿಂದೆ ಇರುಳಲ್ಲೂ ಕಾಣುವ ನಿಮ್ಮ ಕ್ಯಾಮೆರಾ ಹೊತ್ತು ನಡೆಯಿರಿ. ಚಿತ್ರ ಮುಗಿದ ಮೇಲೆ ಮೊದಲ ಪ್ರದರ್ಶನವನ್ನು ಲಂಡನ್ನಿನಲ್ಲಿ ಇಡಬೇಡಿ. ಮೈಸೂರಿನ ವಿದ್ಯುತ್ ಕಂಪನಿಯ ಕಚೇರಿಯಲ್ಲಿ ಇಡಿ. ಹಗಲು ಹೊತ್ತು ಕರೆಂಟು ಕೊಡಿ ಎಂದು ನಾವು ಕೊಟ್ಟ ಅರ್ಜಿಗಳಿಗೆ ನಿರೂಪಕರೇ ಸಿಕ್ಕಿಲ್ಲ.