ಇನ್ನೂ ನೋಡಿಲ್ವಾ?

ಬಸವನಗುಡಿಯ ಪಾರ್ಕಿನಲ್ಲಿ ರಾಯರಿಂದ ತಪ್ಪಿಸಿಕೊಳ್ಳಲು ಎದುರು ದಿಕ್ಕಿನಲ್ಲಿ ಸುತ್ತುವುದು ದಡ್ಡತನ. ಹಾಗೆ ಮಾಡಿದರೆ ಒಂದೇ ಸುತ್ತಿಗೆ ಎರಡು ಸಲ ಎದುರಾಗುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರ ಹೆಗಲಿಗೊಂದು ಬಟ್ಟೆ ಚೀಲ, ಬಾಯಿಗೊಂದು ಪ್ರಶ್ನೆ ಅಂಟಿಕೊಂಡಿವೆ: "ಇನ್ನೂ ನೋಡಿಲ್ವಾ?"

ನೋಡಿಲ್ಲ ಎಂದಿರೋ, ಕೆಟ್ಟಿರಿ. 'ತಿಥಿ' ಸಿನಿಮಾ 2016ರಲ್ಲಿ ತೆರೆಗೆ ಬಂದಿತ್ತು. ರಾಯರು ನೋಡಿದ್ದು ಮೊನ್ನೆ ಮೊನ್ನೆ, ಮೊಮ್ಮಗನ ಫೋನಿನಲ್ಲಿ. "ಮಂಡ್ಯ ಸೀಮೆಯ ಹಳ್ಳಿಯವರೇ ಕಣ್ರೀ, ಬಣ್ಣ ಹಚ್ಚಿ ಗೊತ್ತಿಲ್ಲದವರು! ಕಥೆ ಮಾತ್ರ ಹೇಳಲ್ಲ, ನೀವೇ ನೋಡಿ" ಎಂದು ಶುರು ಮಾಡಿದರು. ಬೈಟು ಕಾಫಿ ಬರುವಷ್ಟರಲ್ಲಿ ನೂರೊಂದು ವರ್ಷದ ಸೆಂಚುರಿ ಗೌಡರು ತೀರಿಕೊಂಡಿದ್ದರು. ಲೋಟ ಖಾಲಿಯಾಗುವ ಹೊತ್ತಿಗೆ ಹನ್ನೊಂದನೇ ದಿನದ ಊಟವೂ ಮುಗಿದಿತ್ತು.

ಸಂಗೀತದಲ್ಲಿ ರಾಯರ ಹಾವಳಿ ಬೇರೆ ತೆರನದು. 1939ರಿಂದ ನಡೆದು ಬಂದಿರುವ ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವವನ್ನು ಅವರು ತಪ್ಪಿಸುವುದಿಲ್ಲ. ಕೋಟೆ ಹೈಸ್ಕೂಲು ಮೈದಾನದಲ್ಲಿ ಪಕ್ಕ ಕೂತವರಿಗೆ ಗೊತ್ತು, ರಾಯರು ತಾಳ ಹಾಕುವುದು ತಮ್ಮ ತೊಡೆಯ ಮೇಲಲ್ಲ. ಆದಿತಾಳದ ಎಂಟೂ ಎಣಿಕೆ ನೆರೆಯವರ ತೊಡೆಗೇ. ಖಂಡಛಾಪು ಬಂದರೆ ಮಾತ್ರ ಆ ತೊಡೆಗೆ ವಿಶ್ರಾಂತಿ. ಐದರ ಲೆಕ್ಕ ಕೈಗೆ ಹತ್ತುವುದಿಲ್ಲವಾದ್ದರಿಂದ ಆಗ ಕಣ್ಣು ಮುಚ್ಚಿ ಬರೀ ತಲೆದೂಗುತ್ತಾರೆ. ಮರುದಿನ ಕಚೇರಿಯ ವಿಮರ್ಶೆಯಲ್ಲಿ ಕೋಸಂಬರಿಗೂ ಒಂದು ಪ್ಯಾರಾ.

ಎಲ್ಲರಿಗಿಂತ ಮೊದಲು ಓದಿರಬೇಕೆಂಬ ಚಟವೂ ಇದೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಬಂತಲ್ಲ, ಮರುದಿನವೇ ಬೆಂಚಿನ ಮೇಲೆ ಘೋಷಣೆಯಾಯಿತು: "ನಾನು 1990ರಲ್ಲೇ ಓದಿ ಮುಗಿಸಿದ್ದೆ!"

ಮೇಷ್ಟ್ರೊಬ್ಬರು ಮೆಲ್ಲಗೆ ಕೆಮ್ಮಿದರು. "ರಾಯರೇ, ಅದರ ಹನ್ನೆರಡು ಕಥೆ 1990ರಿಂದ 2023ರವರೆಗೆ ಬರೆದದ್ದು. ದೀಪಾ ಭಾಸ್ತಿಯವರು ಆರಿಸಿ ಅನುವಾದ ಮಾಡಿದ್ದಾರೆ."

"ಹಾಗಾದ್ರೆ ಮೊದಲನೇ ಕಥೆ ಓದಿರ್ಬೇಕು" ಎಂದರು ರಾಯರು, ರೆಪ್ಪೆ ಮಿಟುಕಿಸದೆ.

ಮೇಷ್ಟ್ರು ಅಂದು ಬಿಡುವ ಹಾಗೆ ಕಾಣಲಿಲ್ಲ. 'ಮಲೆಗಳಲ್ಲಿ ಮದುಮಗಳು' ವಿಷಯ ತೆಗೆದರು. ರಾಯರಿಗೂ ಅದೇ ಬೇಕಿತ್ತು. 2010ರಲ್ಲಿ ಮೈಸೂರಿನ ರಂಗಾಯಣ ಅದನ್ನು ಒಂಬತ್ತು ತಾಸಿನ ಅಹೋರಾತ್ರಿ ನಾಟಕವಾಗಿ ಆಡಿದಾಗ ಇವರೂ ಹೋಗಿದ್ದರು. ಒಂದು ರಂಗದಿಂದ ಇನ್ನೊಂದಕ್ಕೆ ಜನ ಎದ್ದು ಹೊರಟಾಗೆಲ್ಲ ಯಾರೋ ಇವರನ್ನು ತಟ್ಟಿ ಎಬ್ಬಿಸಬೇಕಾಗಿತ್ತು ಎಂಬುದು ಮನೆಯವರ ಸಾಕ್ಷ್ಯ. ಬೆಳಗಿನ ಜಾವದ ಭಾಗಕ್ಕೆ ಮಾತ್ರ ಪೂರ್ತಿ ಎಚ್ಚರವಿತ್ತಂತೆ. ಊರಿಗೆ ಬಂದವರೇ ಕುವೆಂಪು ಅವರ 1967ರ ಕಾದಂಬರಿಯನ್ನು ಕೊಂಡು, ಪೆನ್ಸಿಲಿನಲ್ಲಿ ಗೀಟೆಳೆಯುತ್ತ ಓದಿದರು.

"ಗುತ್ತಿ, ಅವನ ನಾಯಿ ಹುಲಿಯ..." ಎಂದು ಶುರುವಾಯಿತು. ಮೇಷ್ಟ್ರು ಕಾಲು ಚಾಚಿ ಕೂತರು. ಇನ್ನು ಪುಸ್ತಕ ಓದುವ ಕೆಲಸವಿಲ್ಲ. ಕಾಡು ಮುಗಿಯಿತು, ತುಂಗಾ ನದಿ ಬಂತು, ತುಂಬಿ ಹರಿಯತೊಡಗಿತು. "ಆಮೇಲೆ ಹುಲಿಯ..." ಎಂದವರು ನಿಂತರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ಆಮೇಲೆ?"

"ನೀವೇ ಓದ್ಕೊಳ್ಳಿ ಮೇಷ್ಟ್ರೇ" ಎಂದು ಚೀಲದಿಂದ ದಪ್ಪ ಪುಸ್ತಕ ತೆಗೆದು ಕೊಟ್ಟರು. ಗುರುತಿಗಿಟ್ಟ ಬಸ್ ಟಿಕೆಟ್ ಕೊನೆಯ ಪುಟಗಳ ನಡುವೆ ಇತ್ತು. ಅಲ್ಲಿ ಒಂದೇ ಒಂದು ಪೆನ್ಸಿಲ್ ಗೀಟಿರಲಿಲ್ಲ.