ಊಟ ತಪ್ಪಿಸಿಕೊಂಡವನಿಗೆ ನೊಬೆಲ್

ಹೆಂಡತಿ ಬಡಿಸಿದ್ದು ಬೇಡವಾದಾಗ ನೆಪ ಹುಡುಕುವ ಗಂಡಂದಿರು ಎಲ್ಲ ಊರಲ್ಲೂ ಇದ್ದಾರೆ. ಆ ನೆಪವನ್ನೇ ನೊಬೆಲ್‌ವರೆಗೆ ಒಯ್ದವನು ಹಂಗೇರಿಯ ಆಲ್ಬರ್ಟ್ ಸೆಂಟ್ ಜ್ಯೋರ್ಜಿ.

ದನದ ಅಡ್ರಿನಲ್ ಗ್ರಂಥಿ, ಕಿತ್ತಳೆ, ಎಲೆಕೋಸುಗಳಲ್ಲಿ ಈತನಿಗೆ ಸಕ್ಕರೆಯ ಬಳಗದ್ದೆನಿಸುವ ವಸ್ತುವೊಂದು ಸಿಕ್ಕಿತ್ತು. ಏನೆಂದು ಗೊತ್ತಿಲ್ಲ, ಆದ್ದರಿಂದ ಹೆಸರು 'ಇಗ್ನೋಸ್'. ಪತ್ರಿಕೆಯ ಸಂಪಾದಕರು ನಗಲಿಲ್ಲ. ಹಾಗಿದ್ದರೆ 'ಗಾಡ್‌ನೋಸ್', ದೇವರೇ ಬಲ್ಲ, ಎಂದ. ಅದಕ್ಕೂ ನಗಲಿಲ್ಲ. 1928ರಲ್ಲಿ ಹೆಕ್ಸುರಾನಿಕ್ ಆಮ್ಲ ಎಂಬ ಸಭ್ಯ ಹೆಸರಿನಲ್ಲಿ ಲೇಖನ ಅಚ್ಚಾಯಿತು. ಆದರೆ ಪರೀಕ್ಷೆಗೆ ಬೇಕಾದಷ್ಟು ಸರಕೇ ಇರಲಿಲ್ಲ.

ಮುಂದೆ ಆತ ನೆಲೆಸಿದ ಸೆಗೆಡ್, ಮೆಣಸಿನಕಾಯಿಯ ಮಟ್ಟಿಗೆ ಹಂಗೇರಿಯ ಬ್ಯಾಡಗಿ. ಒಂದು ರಾತ್ರಿ ಮನೆಯಲ್ಲಿ ಅಲ್ಲಿನ ಮೆಣಸಿನಕಾಯಿ, ಹಸಿ ಪಾಪ್ರಿಕಾ, ಬಡಿಸಿದರು. ತಿನ್ನಲು ಮನಸ್ಸಿಲ್ಲ. 'ಇದನ್ನಿನ್ನೂ ಪರೀಕ್ಷಿಸಿಲ್ಲ' ಎಂಬುದು ನೆನಪಾಗಿ ಪ್ರಯೋಗಾಲಯಕ್ಕೆ ಎತ್ತಿಕೊಂಡು ಹೋದ. ನಡುರಾತ್ರಿಯ ಹೊತ್ತಿಗೆ ನಿಧಿ ಸಿಕ್ಕಿತ್ತು. ಗ್ರಾಂ ಲೆಕ್ಕದ ವಸ್ತು ಕಿಲೋ ಲೆಕ್ಕಕ್ಕೆ ಬಂತು. ಅದೇ ವಿಟಮಿನ್ ಸಿ. 1937ರಲ್ಲಿ ನೊಬೆಲ್ ಬಂತು. ಹೆಂಡತಿಗೆ ಅದರಲ್ಲಿ ಪಾಲು ಕೊಡಬಹುದಿತ್ತು.

ಈ ವಿಟಮಿನ್‌ಗೆ ದೇಹದಲ್ಲೇನು ಕೆಲಸ? ಉಸಿರಾಟದ ಆಮ್ಲಜನಕ ಬಳಕೆಯಾಗುವಾಗ ಫ್ರೀ ರ‍್ಯಾಡಿಕಲ್ ಎಂಬ ಪುಂಡರೂ ಹುಟ್ಟುತ್ತಾರೆ. ಪಕ್ಕದ ಅಣುವಿನ ಎಲೆಕ್ಟ್ರಾನ್ ಕಿತ್ತುಕೊಳ್ಳುವುದೇ ಅವರ ಕಸುಬು. ವಿಟಮಿನ್ ಸಿ ತನ್ನದನ್ನೇ ಕೊಟ್ಟು ಜಗಳ ಬಿಡಿಸುತ್ತದೆ. ಜೀವಕೋಶದ ಕೊಬ್ಬಿನ ಪೊರೆಯಲ್ಲಿ ಆ ಕೆಲಸ ವಿಟಮಿನ್ ಇಗೆ. ಅದು ಸುಸ್ತಾದರೆ ಸಿ ಬಂದು ಮತ್ತೆ ಎಬ್ಬಿಸುತ್ತದೆ. ಸೆಲೆನಿಯಂ, ಸತು, ತಾಮ್ರ, ಮ್ಯಾಂಗನೀಸ್ ತಾವಾಗಿ ಕಾದಾಡುವುದಿಲ್ಲ. ಕಾದಾಡುವ ಕಿಣ್ವಗಳಿಗೆ ಅವಿಲ್ಲದೆ ಕೈಯೇ ಏಳದು.

ಹಾಗಾದರೆ ಮಾತ್ರೆಗಳನ್ನು ಮುಕ್ಕಿದರೆ? ಎರಡು ನೊಬೆಲ್‌ಗಳ ಒಡೆಯ ಲೈನಸ್ ಪಾಲಿಂಗ್ ಮಹಾಶಯರು ದಿನಕ್ಕೆ 18 ಗ್ರಾಂ ವಿಟಮಿನ್ ಸಿ ಸೇವಿಸುತ್ತಿದ್ದರು. ಭಾರತದ ಗಂಡಸಿಗೆ ಶಿಫಾರಸಾಗಿರುವುದು 80 ಮಿಲಿಗ್ರಾಂ! ಮಿಕ್ಕಿದ್ದರ ಬಹುಪಾಲು ಎಲ್ಲಿಗೆ ಹೋಗುತ್ತದೆಂದು ಬಚ್ಚಲುಮನೆಗೆ ಗೊತ್ತು. 1994ರಲ್ಲಿ, 93ನೇ ವಯಸ್ಸಿನಲ್ಲಿ, ಅವರು ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಭಕ್ತರು ವಯಸ್ಸನ್ನು ತೋರಿಸುತ್ತಾರೆ, ವಿರೋಧಿಗಳು ಕಾಯಿಲೆಯನ್ನು.

ಅದೇ ವರ್ಷ ಫಿನ್ಲೆಂಡಿನಿಂದ ನಗಲಾಗದ ಸುದ್ದಿ ಬಂತು. 29 ಸಾವಿರ ಧೂಮಪಾನಿಗಳ ಮೇಲಿನ ಪ್ರಯೋಗದಲ್ಲಿ, ಜಗಳ ಬಿಡಿಸುವವರ ಬಳಗದ್ದೇ ಆದ ಬೀಟಾ ಕ್ಯಾರೊಟಿನ್‌ನ ಮಾತ್ರೆ ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು ಬಂದಿತ್ತು. ಮೊದಲಿನಿಂದ ಊಟದಲ್ಲೇ ಹೆಚ್ಚು ಕ್ಯಾರೊಟಿನ್ ತಿನ್ನುತ್ತಿದ್ದವರಲ್ಲಿ ಆ ಕ್ಯಾನ್ಸರ್ ಕಡಿಮೆಯಿತ್ತು.

ಬ್ಯಾಡಗಿಯ ಕೆಂಪೂ ಕ್ಯಾರೊಟಿನ್ ಬಳಗದ್ದೇ. ಅದರ ವಿಟಮಿನ್ ಸಿ ಮಾತ್ರ ಒಣಗುವಾಗಲೇ ಬಹುಮಟ್ಟಿಗೆ ಹೋಗಿರುತ್ತದೆ. ಆದ್ದರಿಂದ ಆ ಕೊರತೆ ನೀಗಲು ಸಾರಿಗೆ ನಿಂಬೆಹಣ್ಣು ಹಿಂಡುವವರು ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಕುದಿಯುವಾಗ ಹಿಂಡಿದರೆ ಹುಳಿ ಉಳಿದೀತು, ವಿಟಮಿನ್ ಅಷ್ಟಾಗಿ ಉಳಿಯದು.