ಎಲ್ಲೆಮ್ಮೆಸ್ ಮೇಷ್ಟ್ರು

ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠದ ಫೈಲುಗಳನ್ನು ಮೂಡಲ್ ಎಂಬ ಕಲಿಕಾ ನಿರ್ವಹಣಾ ತಂತ್ರಾಂಶಕ್ಕೆ (ಎಲ್‌ಎಂಎಸ್) ಏರಿಸುವ, ಇಳಿಸುವ, ಅವು ಊದಿಕೊಳ್ಳದಂತೆ ಕಾಯುವ ಅಧ್ಯಾಪಕರಿಗೆ ಎಲ್‌ಎಂಎಸ್ ಕೋಆರ್ಡಿನೇಟರ್ ಎಂದು ಹೆಸರು. ಅಟೆಂಡರ್ ಬಾಯಲ್ಲಿ ಇದು ‘ಎಲ್ಲೆಮ್ಮೆ ಸಾರ್’ ಆಗುತ್ತದೆ. ಸಹನೆಯ ಮಟ್ಟಿಗೆ ಹೆಸರು ತಪ್ಪೇನಲ್ಲ. ಈ ಹುದ್ದೆಗೆ ಅರ್ಜಿ ಕರೆಯುವ ಪದ್ಧತಿಯಿಲ್ಲ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಎಳೆದು ತೆಗೆಯುತ್ತಿರುವಾಗ ಪ್ರಿನ್ಸಿಪಾಲರ ಕಣ್ಣಿಗೆ ಬಿದ್ದರೆ ಸಾಕು, ಮರುದಿನವೇ ಸರ್ಕ್ಯುಲರ್ ಬರುತ್ತದೆ. ಸಂಬಳ ಏರುವುದಿಲ್ಲ, ಪೀರಿಯಡ್ಡು ಇಳಿಯುವುದಿಲ್ಲ.

ಮೂಡಲ್ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. ಮಾರ್ಟಿನ್ ಡೂಗಿಯಾಮಸ್ ಅದರ ಮೊದಲ ಆವೃತ್ತಿ ಹೊರತಂದದ್ದು 2002ರಲ್ಲಿ. ಬಳಸಲು ಕಾಸು ಕೊಡಬೇಕಿಲ್ಲ. ಆಡಳಿತ ಮಂಡಳಿಗೆ ಇದರ ಬಗ್ಗೆ ತಿಳಿದಿರುವುದು ಈ ಕೊನೆಯ ವಾಕ್ಯ ಮಾತ್ರ. ಡಿಸ್ಕಿಗೆ ಕಾಸು ಬೇಕೆಂಬುದು ಮೇಷ್ಟ್ರಿಗೊಬ್ಬರಿಗೇ ಗೊತ್ತು.

ಮೇಷ್ಟ್ರ ದಿನ ಆರಂಭವಾಗುವುದೇ ‘ಫೈಲು ಹೋಗ್ತಿಲ್ಲ’ ಎಂಬ ಫೋನಿನಿಂದ. ಹೋಗುವ ದಾರಿಯಲ್ಲಿ ಬಾಗಿಲು ಹಲವು. ಹೇಳಿ ಬದಲಿಸದಿದ್ದರೆ, ಮೂಡಲ್ ಬರೆದಿರುವ ಭಾಷೆಯಾದ ಪಿಎಚ್‌ಪಿ ಒಂದು ಫೈಲಿಗೆ 2 ಎಂಬಿ ಮಾತ್ರ ಬಿಡುತ್ತದೆ. ಎಂಜಿನ್‌ಎಕ್ಸ್ ಸರ್ವರ್ ಇದ್ದರೆ ಅದು 1 ಎಂಬಿಗೇ ಅಡ್ಡ ನಿಲ್ಲುತ್ತದೆ. ಆಮೇಲೆ ಮೂಡಲ್‌ನದೇ ಮಿತಿ, ಕೋರ್ಸಿನ ಮಿತಿ. ಯಾವ ಬಾಗಿಲು ಚಿಕ್ಕದೋ ಅದರದೇ ಕಾನೂನು. ಇವನ್ನೆಲ್ಲ ಅಗಲಿಸುವುದು ಮೇಷ್ಟ್ರಿಗೆ ಹತ್ತು ನಿಮಿಷದ ಕೆಲಸ. ಆದರೆ ಅಗಲಿಸಿದರೆ ಏನೆಲ್ಲ ನುಗ್ಗೀತೆಂದು ಅವರಿಗೆ ಗೊತ್ತು.

ನುಗ್ಗುವುದರಲ್ಲಿ ಮೊದಲನೆಯದು ಹಿರಿಯ ಪ್ರೊಫೆಸರರ ಪಿಪಿಟಿ. ಪೆನ್‌ಡ್ರೈವಿನಲ್ಲಿ ಬರುತ್ತದೆ, ಹೆಸರು ‘ಯೂನಿಟ್ 1 ಫೈನಲ್ ಫೈನಲ್ ನ್ಯೂ’, ತೂಕ 180 ಎಂಬಿ. ತೆರೆದರೆ ನಲವತ್ತು ಸ್ಲೈಡು, ಪ್ರತಿಯೊಂದೂ ಪಠ್ಯಪುಸ್ತಕದ ಪುಟವನ್ನು ಮೊಬೈಲಿನಲ್ಲಿ ತೆಗೆದ ಫೋಟೊ. ಕತ್ತರಿಸಿ ಮರೆಮಾಡಿದ ಅಂಚಿನಲ್ಲಿ ಪ್ರೊಫೆಸರರ ಹೆಬ್ಬೆರಳು, ಕಾಫಿ ಲೋಟ ಎಲ್ಲ ಹಾಗೇ ಇರುತ್ತವೆ. ಪವರ್‌ಪಾಯಿಂಟ್ ಅವನ್ನು ಕಾಣಿಸುವುದಿಲ್ಲ, ಬಿಸಾಡುವುದೂ ಇಲ್ಲ. ಮೇಷ್ಟ್ರು ಕಂಪ್ರೆಸ್ ಒತ್ತಿ 9 ಎಂಬಿಗೆ ಇಳಿಸಿ ಕೊಡುತ್ತಾರೆ.

“ಏನು ಹೋಯ್ತ್ರೀ ಇದರಲ್ಲಿ?”

“ಏನೂ ಹೋಗಿಲ್ಲ ಸಾರ್.”

“ಏನೂ ಹೋಗದೆ ಇಷ್ಟು ಇಳಿಯುತ್ತಾ?”

ಚಿನ್ನ ಕರಗಿಸಿ ಕೊಟ್ಟ ಅಕ್ಕಸಾಲಿಯನ್ನು ಗಿರಾಕಿ ನೋಡುವ ನೋಟ ಅದು.

ವಿಡಿಯೊ ವಿಷಯದಲ್ಲಿ ಇಷ್ಟು ಜಗಳವಿಲ್ಲ. ಫೋನಿನಲ್ಲಿ ಚಿತ್ರೀಕರಿಸಿದ ಒಂದು ಗಂಟೆಯ ತರಗತಿ ಹಲವು ಜಿಬಿ ಇರುತ್ತದೆ; ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶಕ್ಕೆ ಕೊಟ್ಟು ಮನೆಗೆ ಹೋದರೆ ಬೆಳಗ್ಗೆಗೆ ಸೊರಗಿರುತ್ತದೆ. ದೃಶ್ಯದಲ್ಲಿ ಬದಲಾದದ್ದನ್ನಷ್ಟೇ ಬರೆದಿಡುವುದು ಇದರ ಗುಟ್ಟು. ಬೋರ್ಡು ಅಲುಗಾಡುವುದಿಲ್ಲ, ಕೆಲವು ಅಧ್ಯಾಪಕರೂ ಅಲುಗಾಡುವುದಿಲ್ಲ.

ಕಷ್ಟವಿರುವುದು ಸ್ಕಾರ್ಮ್‌ನಲ್ಲಿ. ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ರೂಪುಗೊಂಡ ಈ ಕಟ್ಟಳೆಯ ಪ್ರಕಾರ ಪಾಠವೆಲ್ಲ ಒಂದು ಜಿಪ್ ಗಂಟು. ಬಿಚ್ಚಿದೊಡನೆ ‘ಐಎಂಎಸ್‌ಮ್ಯಾನಿಫೆಸ್ಟ್’ ಎಂಬ ಫೈಲು ಎದುರಿಗೇ ಕಾಣಬೇಕು. ಅಧ್ಯಾಪಕರು ಫೈಲುಗಳನ್ನು ಜಿಪ್ ಮಾಡುವ ಬದಲು ಫೋಲ್ಡರನ್ನೇ ಜಿಪ್ ಮಾಡುತ್ತಾರೆ. ಲಕೋಟೆಯೊಳಗೆ ಲಕೋಟೆ ಕಂಡು ಮೂಡಲ್ ಪತ್ರವೇ ಇಲ್ಲವೆನ್ನುತ್ತದೆ. ಇನ್ನು 1.2 ಆವೃತ್ತಿಯಲ್ಲಿ ವಿದ್ಯಾರ್ಥಿ ಎಲ್ಲಿಗೆ ನಿಲ್ಲಿಸಿದನೆಂದು ಬರೆದಿಡಲು ಇರುವ ಜಾಗ 4096 ಅಕ್ಷರ. ಪಾಠ ಉದ್ದವಾದರೆ ಅದು ತುಂಬಿ, ಮರುದಿನ ಮತ್ತೆ ಹಿಂದೆಲ್ಲಿಂದಲೋ ಶುರು. ವಿದ್ಯಾರ್ಥಿ ಪಾಠ ಮರೆಯುವುದು ಹಳೆಯ ಮಾತು. ಇಲ್ಲಿ ಪಾಠವೇ ವಿದ್ಯಾರ್ಥಿಯನ್ನು ಮರೆಯುತ್ತದೆ.

ಸೆಮಿಸ್ಟರಿನ ಕೊನೆಗೆ ಡಿಸ್ಕು ತುಂಬುತ್ತದೆ. ಒಂದೇ ಸಿಲಬಸ್ ಪಿಡಿಎಫ್ ಹನ್ನೆರಡು ಕೋರ್ಸುಗಳಲ್ಲಿರುವುದನ್ನು ಕಂಡು ಮೇಷ್ಟ್ರು ವಾರವಿಡೀ ಕೂತು ಹನ್ನೊಂದನ್ನು ಅಳಿಸುತ್ತಾರೆ. ಒಂದು ಕೆಬಿಯೂ ತೆರವಾಗುವುದಿಲ್ಲ. ಹೆಸರು ಬೇರೆಯಿದ್ದರೂ ಒಳಗಿನದು ಒಂದೇ ಆದರೆ ಮೂಡಲ್ ಮೊದಲೇ ಅದನ್ನು ಒಂದೇ ಪ್ರತಿಯಾಗಿ ಇಟ್ಟಿರುತ್ತದೆ. ಜಾಗ ತಿನ್ನುತ್ತಿದ್ದುದು ಮೇಷ್ಟ್ರದೇ ಬ್ಯಾಕಪ್ಪುಗಳು: ಎಂಬಿಝಡ್ ಎಂಬ ಮೂಟೆಗಳಾಗಿ, ಪ್ರತಿ ರಾತ್ರಿ, ಪ್ರತಿ ಕೋರ್ಸಿಗೆ ಒಂದೊಂದು. ಇವನ್ನು ಅಳಿಸುವ ಮಾತೆತ್ತಿದರೆ ಅವರ ಮುಖ ಕಪ್ಪಿಡುತ್ತದೆ.

ಮೂಟೆಗಳೆಲ್ಲ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಸಾಗಿ ಗಾಡ್ರೆಜ್ ಬೀರು ಸೇರುತ್ತವೆ. 2020ರ ಕೊನೆಗೆ ಬೆಂಬಲ ನಿಂತು, ಬ್ರೌಸರಿನಲ್ಲಿ ಓಡದಂತಾದ ಫ್ಲ್ಯಾಶ್ ಪಾಠಗಳೂ ಅಲ್ಲೇ ಇವೆ. ಫೋಲ್ಡರಿನ ಹೆಸರು ‘ಇರಲಿ’.